ಬೋರಿಂಗ್ ಕೀಳುವ ಮೊದಲು ವಾಶರ್ ನೋಡಿ

ಊರಿನ ಬೋರಿಂಗ್ (ಕೈಪಂಪು) ಎರಡು ವರ್ಷದಿಂದ ಕೆಟ್ಟು ನಿಂತಿದೆ, ಕರೆಂಟ್ ಹೋದರೆ ನಲ್ಲಿಯಲ್ಲೂ ನೀರಿಲ್ಲ, ಇದನ್ನು ಕಿತ್ತು ಸೋಲಾರ್ ಪಂಪ್ ಹಾಕಿಸೋಣವಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕೀಳಬೇಡಿ. ಅದು ಯಾಕೆ ನಿಂತಿದೆ ಅಂತ ಮೊದಲು ನೋಡಿ.

ಹಾವೇರಿ ಕಡೆಯ ನಮ್ಮೂರಲ್ಲಿ ಶಾಲೆ ಮುಂದಿನ ಬೋರಿಂಗ್ ಹೀಗೇ ಒಂದು ಇಡೀ ಬೇಸಿಗೆ ನಿಂತಿತ್ತು. ನೀರು ಬತ್ತಿದೆ ಅಂತಲೇ ಎಲ್ಲರೂ ತಿಳಿದಿದ್ದೆವು. ಕೊನೆಗೆ ಪಕ್ಕದೂರಿನ ಮೆಕ್ಯಾನಿಕ್ ಬಂದು ಪೈಪ್ ಎತ್ತಿಸಿದಾಗ, ಕೆಳತುದಿಯ ಸಿಲಿಂಡರ್ ಒಳಗೆ ನೀರೆತ್ತುವ ಪಿಸ್ಟನ್‌ಗೆ ಹಾಕಿದ ವಾಶರ್ ಸಿಕ್ಕಿತು. ಬಟ್ಟಲಿನಂಥ ಪುಟ್ಟ ರಬ್ಬರ್. ಅಂಚು ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಹೊಸದು ಹಾಕಿದ ಸಂಜೆಯೇ ನೀರು ಬಂತು. ಅಮ್ಮ ಅಷ್ಟು ದಿನ ದೂರದ ತೋಟದಿಂದ ಕೊಡ ಹೊತ್ತಿದ್ದು ಇಷ್ಟಕ್ಕಾ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ನಿಮ್ಮೂರಿನದು ಬಹುಶಃ ಇಂಡಿಯಾ ಮಾರ್ಕ್ 2 ಅನ್ನುವ ಮಾದರಿಯ ಕೈಪಂಪು. ಮೊದಲಿದ್ದ ಬೀಡುಕಬ್ಬಿಣದ ಪಂಪುಗಳು ಒಂದು ಮನೆಯ ಬಳಕೆಗೆ ಮಾಡಿದಂಥವು, ಊರೆಲ್ಲ ಜಗ್ಗಿದರೆ ತಡೆಯುತ್ತಿರಲಿಲ್ಲ. ಅದಕ್ಕೇ 1970ರ ದಶಕದಲ್ಲಿ ಸೊಲ್ಲಾಪುರ ಪಂಪಿನ ಮಾದರಿ ಇಟ್ಟುಕೊಂಡು, ಯುನಿಸೆಫ್ ನೆರವಿನಿಂದ, ಕೊಯಮತ್ತೂರು ಕಡೆ ಪರೀಕ್ಷಿಸಿ ಇದನ್ನು ರೂಪಿಸಿದರು. ಗಟ್ಟಿ ಪಂಪು. ಆದರೆ ವಾಶರ್ ಬದಲಿಸಲೂ ಎಲ್ಲ ಪೈಪ್ ಮೇಲೆತ್ತಬೇಕು. ಆಮೇಲೆ ಬಂದ ಮಾರ್ಕ್ 3ರಲ್ಲಿ ಪೈಪ್ ಅಗಲವಾಗಿದೆ, ಅದನ್ನು ಎತ್ತದೆಯೇ ರಾಡ್ (ಹಿಡಿಯಿಂದ ಪಿಸ್ಟನ್‌ವರೆಗಿನ ಕಂಬಿ) ಜೊತೆ ಪಿಸ್ಟನ್ ಹೊರಗೆ ತೆಗೆಯಬಹುದು.

ಹಿಡಿ ಜಗ್ಗಿ ನೋಡಿದರೇ ಅರ್ಧ ರೋಗ ಗೊತ್ತಾಗುತ್ತೆ. ತುಂಬಾ ಸಲ ಜಗ್ಗಿದ ಮೇಲೆ ನೀರು ಬಂದರೆ ಕೆಳಗಿನ ವಾಲ್ವ್ ಸೋರುತ್ತಿದೆ. ಧಾರೆ ಸಣ್ಣಗಾದರೆ ವಾಶರ್ ಸವೆದಿದೆ. ಹಿಡಿ ಹಗುರವಾಗಿ ಆಡುತ್ತೆ, ಹನಿ ನೀರೂ ಇಲ್ಲ ಅಂದ್ರೆ ರಾಡ್ ತುಂಡಾಗಿರಬಹುದು. ಒಂದೆರಡು ಕೊಡ ತುಂಬಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದರೆ ಮಾತ್ರ ಬೋರ್‌ನಲ್ಲೇ ನೀರು ಕಡಿಮೆಯಾಗಿದೆ.

ಸೋಲಾರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನೀರು 150 ಅಡಿಗಿಂತ ಕೆಳಗೆ ಹೋಗಿದ್ದರೆ ಮಾರ್ಕ್ 2 ಜಗ್ಗುವುದು ಕಷ್ಟ, ನೀರೊಳಗೆ ಇಳಿಸುವ ಮೋಟಾರ್ ಪಂಪೇ (ಸಬ್‌ಮರ್ಸಿಬಲ್) ಬೇಕು, ಅದನ್ನು ಸೋಲಾರ್‌ನಲ್ಲಿ ಓಡಿಸಬಹುದು. ಸಾವಿರ ಅಡಿ ಕೊರೆಯುವ ಕೋಲಾರದ ಕಡೆ ಕೈಪಂಪಿನ ಮಾತೇ ಇಲ್ಲ. ಆದರೆ ಸೋಲಾರ್ ಪಂಪ್ ನಡೆಸುವ ಕರೆಂಟ್ ಪೆಟ್ಟಿಗೆ (ಕಂಟ್ರೋಲರ್) ಕೆಟ್ಟರೆ ಊರಲ್ಲಿ ಯಾರು ಸರಿ ಮಾಡ್ತಾರೆ? ವಾಶರ್ ಆದರೆ ನಾವೇ ಹಾಕಬಹುದು. ನನಗೆ ಮುಖ್ಯ ಅನ್ನಿಸುವುದು ಇದೇ.

ನೀರುಗಂಟಿಯ ಜೊತೆ ಇಬ್ಬರು ಹೆಣ್ಣುಮಕ್ಕಳಿಗೂ ರಿಪೇರಿ ಕಲಿಸಿ. ಹಿಡಿ ಬಿಗಿಯಾದದ್ದು ಮೊದಲು ಗೊತ್ತಾಗುವುದು ದಿನಾ ಜಗ್ಗುವವರಿಗೇ ಅಲ್ವಾ? ಒಂದು ಜೊತೆ ವಾಶರ್, ಸ್ಪ್ಯಾನರ್, ಚೈನಿಗೆ ಗ್ರೀಸ್ ಅವರ ಮನೆಯಲ್ಲೇ ಇರಲಿ. ನೀರು ಬಂದ ಮೇಲೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಬೇಡಿ, ಅಡುಗೆಗೂ ಬಳಸಬೇಡಿ.

ಈಗ ಪೈಪ್ ಎತ್ತಿಸಿ, ಎಣಿಸಿ. ಒಂದೊಂದು ಪೈಪ್ 3 ಮೀಟರ್, ಹತ್ತಿರ ಹತ್ತು ಅಡಿ. ಎಷ್ಟು ಪೈಪ್ ಇದ್ದವು, ಕಲ್ಲು ಕಟ್ಟಿದ ಹಗ್ಗ ಇಳಿಸಿದಾಗ ಎಷ್ಟು ಅಡಿಗೆ ನೀರು ತಾಗಿತು ಅಂತ ಇಲ್ಲಿ ಬರೆಯಿರಿ. ಸೋಲಾರ್ ಬೇಕಾ ಬೇಡವಾ ಅಂತ ಆಗ ಹೇಳುತ್ತೇನೆ.