ಹೊಸ ಗರಿ ಮೊದಲೋ, ವಲಸೆ ಮೊದಲೋ?

ಪ್ರಶ್ನೆ: ಕಡಲ ಹಕ್ಕಿಗಳು ವಲಸೆ ಹೊರಡುವ ಮೊದಲೇ ಹಳೆ ಗರಿ ಉದುರಿಸಿ ಹೊಸದು ಬೆಳೆಸಿಕೊಂಡರೆ ಒಳ್ಳೆಯದಲ್ವಾ? ಕೆಲವು ಹಕ್ಕಿಗಳು ಸವೆದ ಗರಿಯಲ್ಲೇ ಅಷ್ಟು ದೂರ ಹೋಗುವುದು ಯಾಕೆ?

ಉತ್ತರ: ಒಳ್ಳೆಯದೇ, ಆದರೆ ಅದಕ್ಕೆ ಸಮಯ ಬೇಕಲ್ಲ! ಗರಿ ಬೆಳೆಯಲು ವಾರಗಟ್ಟಲೆ ಚೆನ್ನಾಗಿ ತಿನ್ನಬೇಕು. ಅಷ್ಟು ದಿನ ರೆಕ್ಕೆಯಲ್ಲಿ ಸಂದಿ ಬಿದ್ದಿರುತ್ತದೆ, ಹಾರಾಟವೂ ಕಷ್ಟ. ಮರಿ ಸಾಕುವುದಕ್ಕೂ ದೂರ ಹಾರುವುದಕ್ಕೂ ಇದೇ ಶಕ್ತಿ ಬೇಕು. ಹಾಗಾಗಿ ಹೆಚ್ಚಿನ ಹಕ್ಕಿಗಳು ಮೂರನ್ನೂ ಒಟ್ಟಿಗೆ ಹಚ್ಚಿಕೊಳ್ಳುವುದಿಲ್ಲ.

ಸುಮಾರು 100 ಗ್ರಾಂ ತೂಗುವ ಆರ್ಕ್ಟಿಕ್ ಟರ್ನ್ ನೋಡಿ. ಉತ್ತರದ ಬೇಸಿಗೆ ಚಿಕ್ಕದು, ಮರಿ ಸಾಕುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಆದ್ದರಿಂದ ಅದು ಹಳೆ ರೆಕ್ಕೆಯಲ್ಲೇ ಹೊರಟು, ಅಂಟಾರ್ಕ್ಟಿಕಾದ ಹಿಮಗಡ್ಡೆಗಳ ನಡುವೆ ಗರಿ ಬದಲಿಸುತ್ತದೆ. ಅಲ್ಲಿ ಆಗ ಬೇಸಿಗೆ, ತಿನ್ನಲು ಬೇಕಾದಷ್ಟು ಸಿಗುತ್ತದೆ. ವಾಪಸ್ ಬರುವಾಗ ಹೊಸ ಗರಿ ಇರುತ್ತದೆ. ಸೂಟಿ ಶಿಯರ್‌ವಾಟರ್ ಮಾಡುವುದೂ ಹೀಗೆಯೇ, ದಿಕ್ಕು ಮಾತ್ರ ತದ್ವಿರುದ್ಧ: ನ್ಯೂಜಿಲೆಂಡ್ ಕಡೆ ಮರಿ ಮಾಡಿ, ಉತ್ತರ ಪೆಸಿಫಿಕ್‌ಗೆ ಹೋಗಿ ಗರಿ ಉದುರಿಸುತ್ತದೆ.

ನಿಮ್ಮ ಪ್ರಶ್ನೆಗೆ ನನ್ನ ಮೆಚ್ಚಿನ ಉದಾಹರಣೆ ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್. ಜಾತಿ ಒಂದೇ, ವೇಳಾಪಟ್ಟಿ ಎರಡು. ಪಶ್ಚಿಮ ಯುರೋಪಿನವು ಹೆಚ್ಚು ದೂರ ಹೋಗುವುದಿಲ್ಲ. ಅವು ಗೂಡಿನ ಕೆಲಸ ಮುಗಿಯುವ ಮೊದಲೇ ರೆಕ್ಕೆಗರಿ ಬದಲಿಸಲು ಶುರುಮಾಡುತ್ತವೆ. ಬಾಲ್ಟಿಕ್ ಸಮುದ್ರದ ಕಡೆಯವು ಆಫ್ರಿಕಾದವರೆಗೆ ಹೋಗಬೇಕು. ಅವು ಹೆಚ್ಚಿನ ಗರಿಗಳನ್ನು ಅಲ್ಲಿಗೆ ತಲುಪಿದ ಮೇಲೆಯೇ ಬದಲಿಸುತ್ತವೆ. ದಾರಿ ಉದ್ದವಾದರೆ ಗರಿಯ ಕೆಲಸ ಮುಂದಕ್ಕೆ ಹೋಗುತ್ತದೆ, ಅಷ್ಟೆ.

ಗಿಲೆಮಾಟ್ ಹಕ್ಕಿಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಮರಿ ಕಡಲಿಗಿಳಿದ ಮೇಲೆ ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸಿಬಿಡುತ್ತದೆ. ತಿಂಗಳಿಗೂ ಜಾಸ್ತಿ ಕಾಲ ಹಾರಲು ಆಗುವುದಿಲ್ಲ. ಆದರೂ ಪ್ರಯಾಣ ನಿಲ್ಲುವುದಿಲ್ಲ, ಅಪ್ಪ ಮರಿಯ ಜೊತೆ ಈಜಿಕೊಂಡೇ ಹೋಗುತ್ತದೆ. ಆಲ್ಬಟ್ರಾಸ್‌ಗೆ ಈ ಉಪಾಯ ಆಗದು. ಅದು ಹಾರುತ್ತಲೇ ಊಟ ಹುಡುಕಬೇಕು. ಅದರ ಉದ್ದ ಗರಿಗಳೆಲ್ಲ ಒಂದೇ ವರ್ಷದಲ್ಲಿ ಬದಲಾಗುವುದೂ ಇಲ್ಲ, ಉಳಿದವು ಮುಂದಿನ ವರ್ಷಕ್ಕೆ. ಸವೆದ ಗರಿ ತೀರಾ ಜಾಸ್ತಿಯಾದರೆ ಒಂದು ವರ್ಷ ಮೊಟ್ಟೆ ಇಡುವುದನ್ನೇ ಬಿಡುವುದುಂಟು.

ಅಂದಹಾಗೆ, ಹಾರುವ ಹಕ್ಕಿಯ ಎರಡೂ ರೆಕ್ಕೆಗಳಲ್ಲಿ ಒಂದೇ ಜಾಗದಲ್ಲಿ ಸಂದಿ ಕಂಡರೆ ಅದು ಗಾಯವಲ್ಲ, ಗರಿ ಬದಲಾಗುತ್ತಿದೆ ಎಂದೇ ತಿಳಿಯಿರಿ. ಪೆಟ್ಟು ಬಿದ್ದಿದ್ದರೆ ಸಾಮಾನ್ಯವಾಗಿ ಒಂದೇ ಕಡೆ ಗರಿ ಹೋಗಿರುತ್ತದೆ.