ಬಾಯಿ ತೆರೆಯದ ಮಗುವಿಗೆ ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನಾನು ಬಿಎಎಸ್‌ಎಲ್‌ಪಿ (ಕಿವಿ, ಮಾತಿನ ಚಿಕಿತ್ಸೆಯ ಪದವಿ) ಕೊನೆಯ ವರ್ಷದವಳು. ಕಲಬುರಗಿಯ ಒಂದು ಸ್ಪೀಚ್ ಥೆರಪಿ ಕ್ಲಿನಿಕ್ಕಿನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಹೋದ ವಾರ ಆರು ವರ್ಷದ ಹುಡುಗಿಯನ್ನು ಅಜ್ಜಿ ಕರೆತಂದಿದ್ದರು. "ಮನ್ಯಾಗ ಮಾತಾಡ್ತಾಳ್ರಿ, ಸಾಲ್ಯಾಗ ಬಾಯೇ ಬಿಡಂಗಿಲ್ಲ" ಅಂದರು. ನಾನು ಗ್ಲೌಸ್ ಹಾಕಿ, ಟಾರ್ಚ್ ಹಿಡಿದು ಹತ್ತಿರ ಹೋದದ್ದೇ ತಡ, ಮಗು ಕುರ್ಚಿ ಹಿಂದೆ ಸರಿದು ನಡುಗತೊಡಗಿತು. ಆಮೇಲೆ ಅಜ್ಜಿ ಮನೆಯ ಜಗಳ, ಹೊಡೆತದ ಕಥೆ ಹೇಳಿದರು. "ಹೇಗಾದರೂ ಅಸೆಸ್‌ಮೆಂಟ್ ಮುಗಿಸು" ಅಂತಾರೆ ಸೂಪರ್‌ವೈಸರ್. ನಮ್ಮ ಮನೆಯಲ್ಲೂ ಹಿಂದೆ ಇಂಥದ್ದು ನಡೆದಿತ್ತು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಾ?
— ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ನಿನ್ನ ಕಾಗದದಲ್ಲಿದ್ದ ಮಗುವಿನ ಊರು, ಶಾಲೆ ಎರಡನ್ನೂ ನಾನು ತೆಗೆದುಹಾಕಿದ್ದೇನೆ. ನೀನೂ ಹಾಸ್ಟೆಲ್ಲಿನಲ್ಲಿ, ವಾಟ್ಸಾಪ್‌ನಲ್ಲಿ ಅದನ್ನು ಹೇಳಬೇಡ.

ಆ ಮಗುವಿನ ಕಡೆಯಿಂದ ಒಮ್ಮೆ ನೋಡು. ಗುರುತಿಲ್ಲದವರು ಮುಖದ ಹತ್ತಿರ ಬರುತ್ತಾರೆ. ಕಣ್ಣಿಗೆ ಬೆಳಕು ಬೀಳುತ್ತದೆ. ಬಾಯೊಳಗೆ ಕಡ್ಡಿ ಬರುತ್ತದೆ. ಹಿಂದಿನಿಂದ ಯಾರೋ ತಲೆ ಹಿಡಿಯುತ್ತಾರೆ. ಹೊಡೆತ ತಿಂದ ಮಗುವಿಗೆ ಇದು ಪರೀಕ್ಷೆ ಅಂತ ಹೇಗೆ ಗೊತ್ತಾಗಬೇಕು? ಅಮೆರಿಕದ ಸರ್ಕಾರಿ ಸಂಸ್ಥೆ ಸ್ಯಾಂಸಾ 2014ರಲ್ಲಿ ಆಘಾತ ಕಂಡವರ ಜೊತೆ ಕೆಲಸ ಮಾಡುವುದಕ್ಕೆ ನಾಲ್ಕು ಮಾತು ಹೇಳಿತು: ಆಘಾತದ ಪರಿಣಾಮ ಅರಿ, ಲಕ್ಷಣ ಗುರುತಿಸು, ಅದಕ್ಕೆ ತಕ್ಕಂತೆ ನಡೆದುಕೋ, ಮತ್ತೆ ಅದೇ ನೋವು ಕೊಡಬೇಡ. ನನ್ನ ಕೇಳಿದರೆ, ನಮ್ಮಂಥವರಿಗೆ ನಾಲ್ಕನೆಯದೇ ಮುಖ್ಯ. ಮನೆಯಲ್ಲಿ ಏನಾಯಿತು ಅಂತ ಕೆದಕುವುದು ನಿನ್ನ ಕೆಲಸ ಅಲ್ಲ. ನಿನ್ನ ಕೋಣೆಯಲ್ಲಿ ಅದು ಮರುಕಳಿಸದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ.

ಹಾಗಾಗಿ ಮುಂದಿನ ಸಲ ಟಾರ್ಚ್ ಅವಳ ಕೈಗೇ ಕೊಡು. ಮೊದಲು ನಿನ್ನ ಬಾಯಿ ಅವಳು ನೋಡಲಿ. ಅಜ್ಜಿ ಕಣ್ಣೆದುರಿಗೇ ಇರಲಿ, ಬಾಗಿಲು ಅರ್ಧ ತೆರೆದಿರಲಿ. "ಕೈ ಎತ್ತಿದರೆ ನಾನು ನಿಲ್ಲಿಸ್ತೀನಿ" ಅಂತ ಹೇಳು. ಅವಳು ಎತ್ತಿದಾಗ ನಿಜವಾಗಿಯೂ ನಿಲ್ಲಿಸು, "ಇನ್ನೊಂದೇ ಸಲ ಪುಟ್ಟಿ" ಅನ್ನಬೇಡ. ನಾಲಿಗೆ ಎತ್ತ ತಿರುಗುತ್ತದೆ ಅಂತ ನೋಡಬೇಕಾ? ತುಟಿಯ ಮೂಲೆಗೆ ಚೂರು ಬೆಲ್ಲ ಅಜ್ಜಿಯ ಕೈಯಿಂದಲೇ ಹಚ್ಚಿಸು. ತುಟಿ ಹೇಗೆ ಮುಚ್ಚುತ್ತದೆ ಅಂತ ಸೋಪಿನ ಗುಳ್ಳೆ ಊದಿಸಿದರೆ ಗೊತ್ತಾಗುತ್ತದೆ. ಬಾಯ್ದೆರೆದು ನಕ್ಕರೆ ಅಂಗುಳವೂ ಕಂಡೀತು. ಉಳಿದದ್ದು ಆಮೇಲಿನ ದಿನಕ್ಕೆ ಇರಲಿ.

ಅಜ್ಜಿಯ ಕಥೆ ಕೇಳಿದ ತಕ್ಷಣ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡ. ಮೊದಲು ಕಿವಿ ಪರೀಕ್ಷೆ ಮಾಡಿಸು. ಮನೆಯಲ್ಲಿ ಯಾವ ಭಾಷೆ ಅಂತ ಕೇಳು. ನಮ್ಮ ಕಡೆ ತಾಂಡಾದ ಮಗು ಲಂಬಾಣಿ ಆಡಿಕೊಂಡು ಬೆಳೆದು, ಸಾಲಿಗೆ ಬಂದು ಕನ್ನಡದ ನಡುವೆ ಕೂರುತ್ತದೆ. ದಖ್ಖನಿ, ತೆಲುಗು ಮನೆಗಳ ಕಥೆಯೂ ಅದೇ. ಹೊಸ ಭಾಷೆಯಲ್ಲಿ ಕೆಲವು ಮಕ್ಕಳು ತಿಂಗಳುಗಟ್ಟಲೆ ಸುಮ್ಮನಿರುತ್ತವೆ. ಮನೆಯಲ್ಲಿ ಮಾತು, ಸಾಲಿಯಲ್ಲಿ ಮೌನ ಅಂದರೆ ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. 2013ರ ಡಿಎಸ್‌ಎಂ-5 (ಮಾನಸಿಕ ತೊಂದರೆಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ) ಅದನ್ನು ಆತಂಕದ ತೊಂದರೆಗಳ ಸಾಲಿಗೆ ಸೇರಿಸಿದೆ. ಹಾಗೆ ಹೇಳಬೇಕಾದರೆ ಮೌನ ಒಂದು ತಿಂಗಳಾದರೂ ಇರಬೇಕು, ಸಾಲಿ ಸೇರಿದ ಮೊದಲ ತಿಂಗಳು ಲೆಕ್ಕಕ್ಕಿಲ್ಲ. ಒಂದು ಭೇಟಿಯಲ್ಲಿ ತೀರ್ಮಾನ ಮಾಡುವ ವಿಷಯ ಇದಲ್ಲ.

ರಿಪೋರ್ಟಿನಲ್ಲಿ "ಮಗು ಸಹಕರಿಸಲಿಲ್ಲ" ಅಂತ ಬರೆಯಬೇಡ. ಆ ಸಾಲು ಮುಂದಿನ ಕ್ಲಿನಿಕ್ಕಿಗೂ ಅವಳ ಜೊತೆ ಹೋಗುತ್ತದೆ. "ಗ್ಲೌಸ್ ಕಂಡು ಹಿಂದೆ ಸರಿದಳು, ನಡುಗಿದಳು, ಬಾಯಿಯ ಪರೀಕ್ಷೆ ಬಾಕಿ ಇದೆ" ಅಂತ ಬರಿ. ಅಜ್ಜಿಯ ಕಿವಿಯಲ್ಲಿ ಏನಾದರೂ ಪಿಸುಗುಟ್ಟಿದ್ದರೆ ಎಷ್ಟು ಪದ ಅಂತ ಅದನ್ನೂ ಬರಿ. ಇದೂ ಅಸೆಸ್‌ಮೆಂಟೇ ಅಲ್ವಾ? ಸೂಪರ್‌ವೈಸರ್ ಮುಂದೆ ಬರೀ "ಆಗಲಿಲ್ಲ" ಅನ್ನುವ ಬದಲು ಈ ಹಾಳೆ, ಮುಂದಿನ ಎರಡು ಸೆಷನ್ನಿನ ಪ್ಲಾನ್ ಇಡು. ಗಡಿಬಿಡಿಯಲ್ಲಿರುವವರೂ ಪ್ಲಾನ್ ಕಂಡರೆ ಒಪ್ಪುವುದು ಜಾಸ್ತಿ.

ಹೊಡೆತ ಈಗಲೂ ನಡೆಯುತ್ತಿದೆಯಾ? ಇದನ್ನು ಅಜ್ಜಿಗೆ ಕೇಳು, ಮಗುವಿನ ಎದುರಿಗಲ್ಲ. ಹೌದು ಅಂದರೆ ಅವತ್ತೇ ಸೂಪರ್‌ವೈಸರ್‌ಗೆ ಹೇಳಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಲೈಂಗಿಕ ಕಿರುಕುಳದ ಮಾತು ಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇಂಟರ್ನ್ ಅಂತ ವಿನಾಯಿತಿ ಇಲ್ಲ. ಮಗು ಆಡಿದ ಮಾತನ್ನು ಹಾಗೇ ಬರೆದಿಡು, ಪದೇ ಪದೇ ಕೇಳಬೇಡ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡ.

ಇನ್ನು ನಿನ್ನ ನಿದ್ದೆ. ಕೇಸಿನ ಕಥೆ ಕೇಳಿ ಕಲಕಿಹೋಗುವವರು ನಾಲಾಯಕ್ಕು ಅನ್ನುವುದಾದರೆ ನಮ್ಮಲ್ಲಿ ಬಹಳ ಮಂದಿ ಮನೆಗೆ ಹೋಗಬೇಕಾಗುತ್ತದೆ. ಆದರೆ ನಿದ್ದೆ ಕೆಟ್ಟು, ಊಟ ಬಿಟ್ಟು, ಲಾಗ್‌ಬುಕ್ಕಿನ ಗಂಟೆ ತುಂಬಿಸುವುದು ಶೌರ್ಯವೂ ಅಲ್ಲ. ನಿನ್ನ ಮನೆಯ ಕಥೆ ಪೂರ್ತಿ ಬಿಚ್ಚಿಡಬೇಕಾಗಿಲ್ಲ. "ಈ ಕೇಸು ನನಗೆ ಭಾರ ಆಗ್ತಿದೆ, ಇನ್ನೊಬ್ಬರು ಜೊತೆಗಿರಲಿ" ಅಂತ ಸೂಪರ್‌ವೈಸರ್‌ಗೆ ಹೇಳಿದರೆ ಸಾಕು. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕು ಅಂತಿಲ್ಲ.