ಆಸ್ಟ್ರೇಲಿಯಾದ ನ್ಯಾಯಮೂರ್ತಿ ಮೈಕೆಲ್ ಕಿರ್ಬಿ ಯಾರು? ಅವರಿಗೂ ಬೆಂಗಳೂರಿಗೂ ಏನು ನಂಟು?

ನಂಟಿನಿಂದಲೇ ಶುರು ಮಾಡ್ತೀನಿ, ನಮಗೆ ಕುತೂಹಲ ಅಲ್ಲೇ ಜಾಸ್ತಿ ಅಲ್ವಾ?

1988ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಹಲವು ದೇಶಗಳ ನ್ಯಾಯಾಧೀಶರು ಸೇರಿದ್ದರು, ಕಿರ್ಬಿಯೂ ಇದ್ದರು. ಕರೆದವರು ನಮ್ಮ ಸುಪ್ರೀಂ ಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿ. ಚರ್ಚೆ ಇಷ್ಟೇ: ನಮ್ಮ ದೇಶದ ಕಾನೂನು ಸ್ಪಷ್ಟವಾಗಿಲ್ಲದಾಗ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ನಿಯಮ ನೋಡಬಹುದಾ? ನೋಡಬಹುದು ಅಂದರು. ಅದೇ 'ಬೆಂಗಳೂರು ತತ್ವಗಳು'. ತನ್ನ ಯೋಚನೆ ಬದಲಾಗಿದ್ದು ಅಲ್ಲೇ ಅಂತ ಕಿರ್ಬಿ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಊರಿಗೆ ಹೋಗಿ ತೀರ್ಪುಗಳಲ್ಲೂ ಬಳಸಿದರು.

ಹುಟ್ಟಿದ್ದು 1939ರಲ್ಲಿ, ಸಿಡ್ನಿಯಲ್ಲಿ. ಓದಿದ್ದೂ ಅಲ್ಲೇ, ಸರ್ಕಾರಿ ಶಾಲೆಯಲ್ಲಿ. 1975ರಲ್ಲಿ ಕಾನೂನು ಸುಧಾರಣಾ ಆಯೋಗದ ಮೊದಲ ಅಧ್ಯಕ್ಷರಾದರು. 1984ರಿಂದ ನ್ಯೂ ಸೌತ್ ವೇಲ್ಸ್ ರಾಜ್ಯದ ಮೇಲ್ಮನವಿ ಕೋರ್ಟಿನ ಅಧ್ಯಕ್ಷರು. 1996ರಲ್ಲಿ ಹೈಕೋರ್ಟಿಗೆ ಬಂದರು. ಹೆಸರು ನೋಡಿ ಮೋಸ ಹೋಗಬೇಡಿ, ಆಸ್ಟ್ರೇಲಿಯಾದಲ್ಲಿ ಹೈಕೋರ್ಟೇ ಎಲ್ಲಕ್ಕಿಂತ ಮೇಲಿನ ಕೋರ್ಟು.

ಅಲ್ಲಿ ಅವರು ಹೆಸರಾಗಿದ್ದು ಭಿನ್ನ ತೀರ್ಪುಗಳಿಗೆ. ಉಳಿದವರೆಲ್ಲ ಒಂದು ಕಡೆ, ಇವರೊಬ್ಬರೇ ಇನ್ನೊಂದು ಕಡೆ. ಸುಮ್ನೆ ಹಠಕ್ಕಲ್ಲ, ಕಾರಣ ಉದ್ದಕ್ಕೆ ಬರೆದಿಡುತ್ತಿದ್ದರು. ಅಲ್ಲಿ 70ಕ್ಕೆ ನಿವೃತ್ತಿ ಕಡ್ಡಾಯ, ಹಾಗಾಗಿ 2009ರಲ್ಲಿ ಇಳಿದರು.

ಆದರೂ ಮನೆಯಲ್ಲಿ ಕೂರಲಿಲ್ಲ. ಉತ್ತರ ಕೊರಿಯಾದ ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ನಡೆಸಿದ ವಿಚಾರಣೆಗೆ ಅವರೇ ಮುಖ್ಯಸ್ಥರು. ವರದಿ 2014ರಲ್ಲಿ ಬಂತು.

ನನಗೆ ಹೆಚ್ಚು ಹಿಡಿಸಿದ್ದು ಇದು: ಸಂಗಾತಿ ಯೋಹಾನ್ ಫಾನ್ ಫ್ಲೋಟನ್ ಅವರನ್ನು ಭೇಟಿಯಾಗಿದ್ದು 1969ರ ಫೆಬ್ರವರಿ 11ಕ್ಕೆ. ಮದುವೆಯಾಗಿದ್ದು 2019ರ ಫೆಬ್ರವರಿ 11ಕ್ಕೆ, ಸರಿಯಾಗಿ 50 ವರ್ಷಕ್ಕೆ.